ಪ್ರೆಸ್ಸಿಲ್ಲದ ಊರಲ್ಲಿ ಅಚ್ಚುಚಿತ್ರ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಮಕ್ಕಳು ಚಿತ್ರಕಲೆ ಓದಲು ಕಲಬುರಗಿಗೋ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಕೆಲವರು ಹೈದರಾಬಾದ್, ಬರೋಡಾವರೆಗೂ. ದೃಶ್ಯಕಲೆಯ ಪದವಿ ಬಿವಿಎ ನಾಲ್ಕು ವರ್ಷ, ಸ್ನಾತಕೋತ್ತರ ಎಂವಿಎ ಎರಡು ವರ್ಷ. ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರದ ವಿಭಾಗ ಸೇರಿದವರು ಲಿನೋ ಹಾಳೆ, ಮರ ಕೊರೆದು ಉಬ್ಬಿದ ಭಾಗಕ್ಕೆ ಇಂಕು ಹಚ್ಚಿ ಒತ್ತುವ ಲಿನೋಕಟ್, ವುಡ್‌ಕಟ್, ತಗಡಿನಲ್ಲಿ ಆಮ್ಲದಿಂದ ಗೆರೆ ಇಳಿಸುವ ಎಚ್ಚಿಂಗ್, ಕಲ್ಲಿನ ಮೇಲೆ ಬಿಡಿಸಿ ಮುದ್ರಿಸುವ ಲಿಥೋ ಎಲ್ಲವನ್ನೂ ಪ್ರೆಸ್ಸಿನ ಪಕ್ಕದಲ್ಲಿ ನಿಂತು ಕಲಿತು, ಕೊನೆಗೆ ಊರ ಕಡೆ ಡ್ರಾಯಿಂಗ್ ಮಾಸ್ತರಾಗಿಯೋ ಟೀಚರಾಗಿಯೋ ಬರುತ್ತಾರೆ. ಪೇಂಟಿಂಗ್ ಓದಿದವರ ಬಣ್ಣ, ಬ್ರಷ್ಷು ಅವರ ಚೀಲದಲ್ಲೇ ಬರುತ್ತವೆ. ಗ್ರಾಫಿಕ್ಸ್‌ನವರ ಪ್ರೆಸ್ಸು ಕ್ವಿಂಟಲ್‌ಗಟ್ಟಲೆ ತೂಗುತ್ತದೆ, ಅದು ಕಾಲೇಜಿನ ಸ್ವತ್ತು, ಅಲ್ಲೇ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ಎರಡು ಮೂರು ವರ್ಷದಲ್ಲಿ ಉಳಿಗಳಿಗೆ ತುಕ್ಕು ಹಿಡಿಯುತ್ತದೆ, ಇಂಕಿನ ಡಬ್ಬಿಗೆ ಕೆನೆಗಟ್ಟುತ್ತದೆ, ಆಮೇಲೆ ಅವರೂ ಅಕ್ರಿಲಿಕ್ ಹಿಡಿಯುತ್ತಾರೆ.

ಹೀಗಾಗುವುದಕ್ಕೆ ಪ್ರೆಸ್ ಇಲ್ಲದಿರುವುದು ಅರ್ಧ ಕಾರಣ ಮಾತ್ರ. ಇನ್ನರ್ಧ ಕಾರಣ, ಕಲಿತ ಲೆಕ್ಕವೆಲ್ಲ ಬೇರೆ ಹವೆಯದ್ದು. ಮೈಸೂರಿನಲ್ಲಿ ಸರಿಯಾಗಿ ಬಂದ ಇಂಕು ರಾಯಚೂರಿನ ಏಪ್ರಿಲ್‌ನಲ್ಲಿ ಹರಿದಾಡುತ್ತದೆ. ಒಮ್ಮೆ ಕೆಟ್ಟಿತು, ಎರಡು ಸಲ ಕೆಟ್ಟಿತು, ಇಲ್ಲಿ ಇದು ಆಗುವ ಕೆಲಸ ಅಲ್ಲ ಎಂದು ಮನಸ್ಸು ಒಪ್ಪಿಬಿಡುತ್ತದೆ. ಆದರೆ ಅಚ್ಚುಚಿತ್ರಕ್ಕೆ ಬೇಕಾದ ಬಹುಪಾಲು ಸಾಮಾನು ನಮ್ಮ ಸಂತೆ, ಗ್ರಾನೈಟ್ ಅಂಗಡಿ, ಲೇತ್ ಅಂಗಡಿ, ಗೊಬ್ಬರದಂಗಡಿಗಳಲ್ಲೇ ಇದೆ. ಅದನ್ನು ಗುರುತಿಸಿ, ಇಲ್ಲಿನ ಬಿಸಿಲಿಗೆ ಹೊಂದಿಸಿಕೊಳ್ಳುವುದು ಈ ವೃತ್ತಿಯ ಮೊದಲ ಪಾಠ.

ಎಣ್ಣೆಯಿಂದ ಶುರು ಮಾಡೋಣ. ನಮ್ಮ ಕಡೆ ರೊಟ್ಟಿಯ ಜೊತೆ ಅಗಸಿ ಹಿಂಡಿ ಇರಲೇಬೇಕು. ಅದೇ ಅಗಸಿ ಬೀಜದ ಎಣ್ಣೆ ಅಚ್ಚಿನ ಇಂಕಿನ ಜೀವಾಳ. ಲಿನೋ ಹಾಳೆಯೂ ಆ ಎಣ್ಣೆಯದ್ದೇ: ಗಟ್ಟಿಯಾಗಿಸಿದ ಅಗಸಿ ಎಣ್ಣೆಗೆ ಕಾರ್ಕ್ (ಬಿರಡೆ) ಪುಡಿ, ರಾಳ ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹಾಸಿದರೆ ಲಿನೋಲಿಯಂ, ಹೆಸರಿನಲ್ಲೇ ಅಗಸಿ ಇದೆ. ಈ ಎಣ್ಣೆಯ ಗುಣವೆಂದರೆ ಅದು ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಕುಸುಬಿ ಎಣ್ಣೆಯೂ ಹಾಗೇ, ಆದರೆ ಇನ್ನೂ ನಿಧಾನ. ಶೇಂಗಾ ಎಣ್ಣೆಗೆ ಆ ಗುಣ ಇಲ್ಲ. ಇಂಕು ಗಟ್ಟಿಯಾಯಿತೆಂದು ಅಡುಗೆಮನೆಯ ಶೇಂಗಾ ಎಣ್ಣೆ ನಾಲ್ಕು ಹನಿ ಬಿಟ್ಟರೆ ಚಿತ್ರ ತಿಂಗಳಾದರೂ ಕೈಗೆ ಹತ್ತುತ್ತದೆ, ಗೆರೆಯ ಸುತ್ತ ಕಾಗದದಲ್ಲಿ ಹಳದಿ ಎಣ್ಣೆಯ ಕಲೆ ಹರಡುತ್ತದೆ. ಅದೇ ಶೇಂಗಾ ಎಣ್ಣೆ ಇಂಕು ಹಚ್ಚುವ ರೋಲರ್ ತೊಳೆಯಲು ಬಹಳ ಒಳ್ಳೆಯದು. ಸೀಮೆಎಣ್ಣೆಯ ವಾಸನೆ, ಕೈಯುರಿ ಇಲ್ಲದೆ ಇಂಕು ಬಿಡುತ್ತದೆ. ಆಮೇಲೆ ಮರದ ಹೊಟ್ಟು ಉದುರಿಸಿ ಒರೆಸಿ, ಸೋಪಿನ ನೀರಿನಲ್ಲಿ ತೊಳೆದರೆ ಸಾಕು. ಬೆರೆಸಲು ಅಗಸಿ, ತೊಳೆಯಲು ಶೇಂಗಾ. ಅಗಸಿ ಎಣ್ಣೆ ಹತ್ತಿದ ಅರಿವೆಗಳನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಅವು ತಾವೇ ಬಿಸಿಯಾಗುತ್ತವೆ, ಬೇಸಿಗೆಯಲ್ಲಿ ಬೆಂಕಿ ಹತ್ತಿಕೊಳ್ಳುವುದೂ ಉಂಟು. ಹರವಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

ಇಂಕಿಗಾಗಿ ಬೆಂಗಳೂರಿಗೆ ಆರ್ಡರ್ ಮಾಡುವ ಅಗತ್ಯವಿಲ್ಲ. ಮದುವೆ ಪತ್ರಿಕೆ ಹಾಕುವ ಆಫ್‌ಸೆಟ್ ಪ್ರೆಸ್ಸಿನವರ ಹತ್ತಿರ ಕಪ್ಪು ಇಂಕು ಕಿಲೋ ಡಬ್ಬಿಯಲ್ಲಿ ಇರುತ್ತದೆ. ಅದು ಮಷೀನಿಗಾಗಿ ಮಾಡಿದ್ದರಿಂದ ಅಂಟು ಹೆಚ್ಚು, ತೆಳುವಾದ ಕಾಗದವನ್ನು ಹರಿದೇಬಿಡುತ್ತದೆ. ಒಂದು ಟೀ ಚಮಚ ಇಂಕಿಗೆ ಎರಡು ಮೂರು ಹನಿ ಅಗಸಿ ಎಣ್ಣೆ ಹಾಕಿ ಪುಟ್ಟಿ ಚಾಕುವಿನಿಂದ ಐದು ನಿಮಿಷ ನಾದಬೇಕು. ನಾದಲು ಗ್ರಾನೈಟ್ ಅಂಗಡಿಯ ಪಾಲಿಶ್ ಮಾಡಿದ ಒಡಕು ತುಂಡು ಸಾಕು. ಗಾಜಿನ ಹಾಗೆ ಒಡೆಯುವುದಿಲ್ಲ, ಎಣ್ಣೆ ಕುಡಿಯುವುದಿಲ್ಲ, ಮೈ ತಂಪಾಗಿರುವುದರಿಂದ ಇಂಕೂ ಬೇಗ ಸಡಿಲವಾಗುವುದಿಲ್ಲ.

ಈ ಕಡೆ ಲೆಕ್ಕ ತಪ್ಪಿಸುವುದೆಲ್ಲ ಬಿಸಿಲು. ಬೇಸಿಗೆಯಲ್ಲಿ ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಶಾಖಕ್ಕೆ ಇಂಕು ತೆಳ್ಳಗಾಗಿ ಸಣ್ಣ ಗೆರೆಗಳೊಳಗೆ ಇಳಿದು ಮುಚ್ಚಿಬಿಡುತ್ತದೆ; ಚಿತ್ರ ಕಪ್ಪು ಮುದ್ದೆಯಾಗಿ ಬರುತ್ತದೆ. ಆಗ ಎಣ್ಣೆ ಹಾಕಲೇಬಾರದು. ಫ್ರೆಂಚ್ ಚಾಕ್ ಪುಡಿಯನ್ನೋ ಮೆಗ್ನೀಸಿಯಂ ಕಾರ್ಬೊನೇಟನ್ನೋ ಚಿಟಿಕೆ ಚಿಟಿಕೆ ಸೇರಿಸಿ ಗಟ್ಟಿ ಮಾಡಿಕೊಳ್ಳಬೇಕು, ಇಲ್ಲವೇ ಬೆಳಿಗ್ಗೆ ಒಂಬತ್ತರೊಳಗೆ ಅಚ್ಚು ಮುಗಿಸಬೇಕು. ನೀರಿನ ಇಂಕನ್ನಂತೂ ಏಪ್ರಿಲ್, ಮೇ ತಿಂಗಳಲ್ಲಿ ಮುಟ್ಟದಿರುವುದೇ ಲೇಸು. ಫ್ಯಾನ್ ಕೆಳಗೆ ನಾಲ್ಕೈದು ನಿಮಿಷಕ್ಕೆ ರೋಲರ್ ಮೇಲೆಯೇ ಒಣಗಿ ಚಕ್ಕೆ ಏಳುತ್ತದೆ. ಡಿಸೆಂಬರ್ ಬೆಳಿಗ್ಗೆ ಇದು ಉಲ್ಟಾ: ಲಿನೋ ಬಿರುಸಾಗಿ ಉಳಿಗೆ ಚೂರು ಚೂರಾಗಿ ಏಳುತ್ತದೆ. ಹತ್ತು ನಿಮಿಷ ಎಳೆಬಿಸಿಲಿಗಿಟ್ಟರೆ ಬೆಣ್ಣೆಯಂತೆ ಕೊರೆಯಬಹುದು. ಬೇಸಿಗೆಯಲ್ಲಿ ಅದೇ ಮೆತುವು ಜಾಸ್ತಿಯಾಗಿ ಉಳಿ ಜಾರಿ ಗೆರೆ ದಾಟಿ ಹೋಗುತ್ತದೆ, ಹಾಗಾಗಿ ಕೊರೆಯುವ ಕೆಲಸವೂ ಬೆಳಿಗ್ಗೆಯೇ ಆಗಬೇಕು. ಬಳ್ಳಾರಿ, ಸಂಡೂರು ಕಡೆಯವರಿಗೆ ಕೆಂಪು ದೂಳಿನ ಕಾಟ ಬೇರೆ. ಒಂದು ಕಣ ಹಸಿ ಇಂಕಿನ ಮೇಲೆ ಕೂತರೆ ಅಚ್ಚಿನಲ್ಲಿ ಅದರ ಸುತ್ತ ಬಿಳಿ ಉಂಗುರ ಬೀಳುತ್ತದೆ. ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ಅರ್ಧ ಗಂಟೆ ಬಿಟ್ಟು ಕೆಲಸಕ್ಕೆ ಕೂರುವುದು ಸುಲಭದ ಉಪಾಯ.

ಇಂಕು ಸರಿಯಾಗಿ ಹರಡಿದೆಯೇ ಎಂಬುದನ್ನು ಕಿವಿಯಿಂದ ತಿಳಿಯಬೇಕು. ಎ5 ಅಳತೆಯ ಹಲಗೆಗೆ, ಅಂದರೆ ಕೊರೆದ ಲಿನೋ ಇಲ್ಲವೇ ಮರದ ತುಂಡಿಗೆ, ಅರ್ಧ ಟೀ ಚಮಚ ಇಂಕು. ಅದನ್ನು ಕಲ್ಲಿನ ಮೇಲೆ ತೆಳ್ಳಗೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ರೋಲರ್ ಓಡಿಸುತ್ತಾ ಹೋದರೆ ಮೊದಲು ಪಚಪಚ ಎನ್ನುವ ಸದ್ದು ಬರುತ್ತದೆ. ಅಂದರೆ ಇಂಕು ಹೆಚ್ಚಾಗಿದೆ. ಹರಡಿದಂತೆ ಅದು ಸಣ್ಣಗೆ ಚರಚರ ಎನ್ನತೊಡಗುತ್ತದೆ, ಮೈ ಮಕಮಲ್ಲಿನ ಹಾಗೆ ಕಾಣುತ್ತದೆ. ಆಗ ಹಲಗೆಗೆ ಹಚ್ಚಬೇಕು. ಒಂದೇ ಸಲ ದಪ್ಪಗೆ ಬಳಿಯದೆ ಮೂರು ತೆಳು ಪದರ. ಹೊಸ ಲಿನೋ ಎಣ್ಣೆ ಹೀರುವುದರಿಂದ ಮೊದಲ ಎರಡು ಮೂರು ಅಚ್ಚು ಮಸುಕಾಗಿ, ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಯಾಗಿ ಬರುವುದು ಸಹಜ. ಅದನ್ನು ನೋಡಿ ಇಂಕು ಹೆಚ್ಚು ಮಾಡುವುದೇ ಹೊಸಬರ ತಪ್ಪು. ನಾಲ್ಕನೆಯದಕ್ಕೆ ತಾನೇ ಸರಿಯಾಗುತ್ತದೆ.

ಇನ್ನು ಒತ್ತುವುದು. ಜಪಾನಿನವರು ಶತಮಾನಗಳಿಂದ ಪ್ರೆಸ್ ಇಲ್ಲದೆ, ಬಿದಿರಿನ ಹೊದಿಕೆಯ ಬಾರೆನ್ ಎಂಬ ಬಿಲ್ಲೆಯಿಂದ ಕೈಯಲ್ಲೇ ತಿಕ್ಕಿ ಮುದ್ರಿಸಿದ್ದಾರೆ. ನಮಗೆ ಸ್ಟೀಲ್ ಚಮಚದ ಬೆನ್ನು, ಮರದ ಸೌಟು ಸಾಕು. ಕಾಗದ ಮಾತ್ರ ತೆಳುವಾಗಿರಬೇಕು: ನೇಪಾಳಿ ಕಾಗದ, ಇಲ್ಲವೇ 60 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಒಳಗಿನ ಯಾವುದೇ ಗಟ್ಟಿಮುಟ್ಟಾದ ಕಾಗದ. ಮೇಲೆ ಬಟರ್ ಪೇಪರ್ ಇಟ್ಟು ನಡುವಿನಿಂದ ಹೊರಕ್ಕೆ ಸಣ್ಣ ಸುತ್ತು ಹಾಕುತ್ತಾ ತಿಕ್ಕಬೇಕು. ಒಂದು ಮೂಲೆ ಹಿಡಿದು ಅರ್ಧ ಎತ್ತಿ ನೋಡಿ, ಮಸುಕಾದ ಕಡೆ ಮತ್ತೆ ಇಳಿಸಿ ತಿಕ್ಕಬಹುದು. ಪ್ರೆಸ್ಸಿನಲ್ಲಿ ಈ ಸೌಕರ್ಯ ಇಲ್ಲ. ಎ4 ಅಳತೆಗೆ ಒಂದು ಅಚ್ಚಿಗೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ, ಮೊಣಕೈ ನೋಯುತ್ತದೆ. ಆದರೂ ಕಪ್ಪಿನ ಆಳ, ಹಗುರ ಎಲ್ಲಿ ಬೇಕೋ ಅಲ್ಲಿ ಕೈಯಿಂದ ಬರುತ್ತದೆ. ಒಳ್ಳೆಯ ಚಮಚದ ಅಚ್ಚು ಕೆಟ್ಟ ಪ್ರೆಸ್ಸಿನ ಅಚ್ಚಿಗಿಂತ ಎಷ್ಟೋ ಮೇಲು.

ಉಳಿಗೆ ಬಂದರೆ, ಹತ್ತು ಮೊನೆಯ ಸೆಟ್ ಕೊಳ್ಳುವ ದುಡ್ಡಿನಲ್ಲಿ ಎರಡು ಉಳಿ, ಒಂದು ಸಾಣೆಕಲ್ಲು, ಒಂದು ಚರ್ಮದ ಪಟ್ಟಿ ಕೊಳ್ಳುವುದು ಜಾಣತನ. ಒಂದು ವಿ ಮೊನೆ, ಒಂದು ಯು ಮೊನೆ. ಯು ಮೊನೆಯನ್ನು ಹಳೆಯ ಛತ್ರಿಯ ಕಡ್ಡಿಯಿಂದಲೇ ಮಾಡಬಹುದು. ಕಡ್ಡಿ ದೋಣಿಯಾಕಾರದಲ್ಲಿರುತ್ತದೆ, ತುದಿಯನ್ನು ಓರೆಯಾಗಿ ಉಜ್ಜಿ, ಮರದ ಹಿಡಿಗೆ ಕೂರಿಸಿದರೆ ಲಿನೋ, ರಬ್ಬರಿಗೆ ಧಾರಾಳ ಸಾಕು. ಮೊಂಡಾದ ಉಳಿಯೇ ಕೈ ಕೊಯ್ಯುವುದು, ಏಕೆಂದರೆ ಅದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗ ಜಾರುತ್ತದೆ. ಹಿಡಿಯದ ಕೈ ಯಾವಾಗಲೂ ಮೊನೆಯ ಹಿಂದೆ ಇರಬೇಕು. ತಿರುಗಿಸಬೇಕಾದದ್ದು ಹಲಗೆ, ಉಳಿಯಲ್ಲ. ಇನ್ನೊಂದು ಸೂಕ್ಷ್ಮ: ಉಳಿದ ಗೆರೆಯ ಗೋಡೆ ಬೆಟ್ಟದ ಇಳಿಜಾರಿನ ಹಾಗೆ ಬುಡದಲ್ಲಿ ಅಗಲವಾಗಿರಬೇಕು. ಉಳಿಯನ್ನು ಓರೆ ಹಿಡಿದು ಬುಡ ಕೊರೆದರೆ ಮೇಲಿಂದ ಚೆಂದ ಕಾಣುತ್ತದೆ, ಐದನೆಯ ಅಚ್ಚಿಗೆ ಗೆರೆ ಮುರಿದು ಬೀಳುತ್ತದೆ.

ತರಗತಿಯಲ್ಲಿ ಇದನ್ನೆಲ್ಲ ಮಾಡಿಸುವುದು ಹೇಗೆ ಎಂಬುದು ನಿಜವಾದ ಪ್ರಶ್ನೆ. ಐವತ್ತು ಮಕ್ಕಳು, ನಲವತ್ತೈದು ನಿಮಿಷದ ಪೀರಿಯಡ್, ವಾರಕ್ಕೆ ಒಂದೋ ಎರಡೋ. ಒಂದೇ ದಿನದಲ್ಲಿ ಬಿಡಿಸಿ, ಕೊರೆದು, ಅಚ್ಚು ಹಾಕಿಸುತ್ತೇನೆಂದು ಹೊರಟರೆ ಗಲಾಟೆ, ಗಾಯ, ಗೋಡೆಯ ಮೇಲೆಲ್ಲ ಕಪ್ಪು ಬೆರಳು. ಆರು, ಏಳನೇ ತರಗತಿಗೆ ಉಳಿ ಬೇಡವೇ ಬೇಡ. ರಟ್ಟಿನ ಮೇಲೆ ರಟ್ಟಿನ ಆಕಾರ, ಸೆಣಬಿನ ದಾರ, ಜೋಳದ ರವದಿ ಅಂಟಿಸಿ, ಮೇಲೆ ಫೆವಿಕಾಲ್ ಬಳಿದು ಎರಡು ದಿನ ಒಣಗಿಸಿದರೆ ಒಳ್ಳೆಯ ಅಚ್ಚಿನ ಹಲಗೆ. ಫೆವಿಕಾಲ್ ಬಳಿಯದಿದ್ದರೆ ರಟ್ಟು ಇಂಕನ್ನೆಲ್ಲ ಕುಡಿದು ಎರಡನೇ ಅಚ್ಚಿಗೆ ಪದರ ಬಿಡುತ್ತದೆ. ಎಂಟು, ಒಂಬತ್ತಕ್ಕೆ ಚಪ್ಪಲಿ ಅಟ್ಟೆಯ ರಬ್ಬರ್ ಶೀಟು ಆಗುತ್ತದೆ. ಉಳಿ ಹಿಡಿಯುವವರು ಒಂದು ಸಲಕ್ಕೆ ಹತ್ತೇ ಮಕ್ಕಳು, ಅದೂ ಮಾಸ್ತರ ಕಣ್ಣೆದುರಿನ ಸಾಲಿನಲ್ಲಿ. ಉಳಿದವರು ಆ ಹೊತ್ತು ತಮ್ಮ ಚಿತ್ರ ಬಿಡಿಸುತ್ತಿರಲಿ. ಒಂದು ಅಚ್ಚು ಹೊರಬರಲು ಒಂದು ತಿಂಗಳು ಬೇಕು, ಆ ತಿಂಗಳನ್ನು ಮುಖ್ಯ ಗುರುಗಳ ಹತ್ತಿರ ಮೊದಲೇ ಹೇಳಿ ಇಟ್ಟುಕೊಳ್ಳಬೇಕು.

ಮಕ್ಕಳು ಹೆಚ್ಚಾಗಿ ಎಡವುವುದು ಅಕ್ಷರದಲ್ಲಿ. ಅಚ್ಚು ತಿರುವುಮುರುವಾಗಿ ಬರುತ್ತದೆ ಎಂದು ಹೇಳಿದರೆ ಒಂದೊಂದೇ ಅಕ್ಷರವನ್ನು ತಿರುಗಿಸಿ ಕೊರೆಯುತ್ತಾರೆ, ಆದರೆ ಸಾಲನ್ನು ಎಡದಿಂದ ಬಲಕ್ಕೇ ಇಡುತ್ತಾರೆ. ‘ಕೊಪ್ಪಳ’ ಎಂದು ಕೊರೆದದ್ದು ಅಚ್ಚಿನಲ್ಲಿ ‘ಳಪ್ಪಕೊ’ ಆಗುತ್ತದೆ. ಒತ್ತಕ್ಷರ ಇನ್ನೂ ಕಷ್ಟ. ಬಲಕ್ಕೆ ತೂಗುವ ಪ ಒತ್ತು ಹಲಗೆಯಲ್ಲಿ ಎಡಕ್ಕೆ ತೂಗಬೇಕು. ಬಾಯಲ್ಲಿ ವಿವರಿಸಿದರೆ ಇದು ತಲೆಗೆ ಹತ್ತುವುದಿಲ್ಲ. ಬಟರ್ ಪೇಪರ್ ಮೇಲೆ ಪೆನ್ಸಿಲಿನಿಂದ ಸರಿಯಾಗಿ ಬರೆಸಿ, ಮಗುಚಿ ಹಲಗೆಯ ಮೇಲಿಟ್ಟು ತಿಕ್ಕಿಸಿದರೆ ಐದೇ ನಿಮಿಷದ ಕೆಲಸ.

ಇದೇ ಮಾತನ್ನು ಇನ್ನೂ ಚೆನ್ನಾಗಿ ತೋರಿಸುವ ಉದಾಹರಣೆ ಈ ನೆಲದಲ್ಲೇ ಇದೆ. ಕೊಪ್ಪಳದ ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಬ್ರಾಹ್ಮಿ ಲಿಪಿಯ ಶಾಸನಗಳಿವೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕೊರೆದಿದೆ. ಶಾಸನ ತಜ್ಞರು ಇಂಥ ಕಲ್ಲಿನಿಂದ ಪಡಿಯಚ್ಚು ತೆಗೆಯುವ ಕ್ರಮ ಹೀಗಿದೆ: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಡಸು ಬ್ರಷ್ಷಿನಿಂದ ಬಡಿದು ಬಡಿದು ಕಾಗದವನ್ನು ಅಕ್ಷರದ ಗುಳಿಗಳಿಗೆ ಇಳಿಸುವುದು, ಅರೆ ಒಣಗಿದ ಮೇಲೆ ಮಸಿಯ ಉಂಡೆಯಿಂದ ಮೇಲ್ಮೈಗೆ ತಟ್ಟುವುದು. ಗುಳಿಗೆ ಮಸಿ ತಾಗುವುದಿಲ್ಲ, ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಏಳುತ್ತದೆ, ಓದಲು ನೇರವಾಗಿಯೇ ಇರುತ್ತದೆ. ಏಕೆಂದರೆ ಮಸಿ ಬಿದ್ದದ್ದು ಕಾಗದದ ಹೊರಮೈಗೆ, ಕಲ್ಲಿಗಲ್ಲ. ಕಲ್ಲಿಗೇ ಮಸಿ ಹಚ್ಚಿ ಕಾಗದ ಒತ್ತಿದ್ದರೆ ತಿರುವುಮುರುವು. ಸಂರಕ್ಷಿತ ಶಾಸನಗಳ ಮೇಲೆ ಮಕ್ಕಳಿಂದ ಇದನ್ನು ಮಾಡಿಸುವಂತಿಲ್ಲ, ಮಾಡಿಸಲೂಬಾರದು. ಮನೆಯ ಹೊಸ್ತಿಲ ಕೆತ್ತನೆ, ಬೀಸುಕಲ್ಲು, ಬೇವಿನ ತೊಗಟೆಯ ಮೇಲೆ ತೆಳು ಕಾಗದ, ಮೇಣದ ಬಣ್ಣ ಹಿಡಿದು ಮಾಡಿಸಿದರೆ ತತ್ವ ತಿಳಿಯುತ್ತದೆ. ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯ ಲಿನೋಕಟ್ ಮಾಡಿದಾಗ ನಂಬಿದ್ದೂ ಈ ಕಪ್ಪು ನೆಲದ ಬಿಳಿ ಗೆರೆಯನ್ನೇ.

ಎಚ್ಚಿಂಗ್ ಮಾಡಬೇಕೆಂದರೆ ಮಾತ್ರ ಪ್ರೆಸ್ ಬೇಕೇ ಬೇಕು; ತಗಡಿನ ಗೆರೆಯ ಗುಳಿಯೊಳಗಿನ ಇಂಕನ್ನು ಎಳೆಯಲು ಚಮಚಕ್ಕೆ ಆಗದು. ಹೊಸಪೇಟೆ, ಬಳ್ಳಾರಿಯ ಲೇತ್ ಅಂಗಡಿಯವರು ಲಾರಿ, ಗಣಿ ಯಂತ್ರಗಳ ಕೆಲಸದಲ್ಲಿ ಪಳಗಿದವರು, ಹದಿನೆಂಟು ಇಂಚು ಅಗಲದ ಪ್ರೆಸ್ ಅವರಿಗೆ ದೊಡ್ಡದಲ್ಲ. ಆದರೆ ಏನು ಕೇಳಬೇಕೆಂದು ನಮಗೆ ಗೊತ್ತಿರಬೇಕು. ಪ್ರೆಸ್ಸಿನ ರೋಲರಿಗೆ ತೆಳು ಪೈಪ್ ಹಾಕಿದರೆ ಒತ್ತಡಕ್ಕೆ ನಡು ಬಾಗಿ, ಚಿತ್ರದ ಎರಡು ಬದಿ ಕಪ್ಪಾಗಿ ನಡು ಮಸುಕಾಗುತ್ತದೆ. ಪೈಪಿನ ಗೋಡೆ ಹತ್ತು ಹನ್ನೆರಡು ಮಿಲಿಮೀಟರ್ ಇರಲಿ, ಶಾಫ್ಟ್ ಬೆಸುಗೆ ಹಾಕಿದ ಮೇಲೆಯೇ ಲೇತ್‌ನಲ್ಲಿ ಹೊರಮೈ ತಿರುಗಿಸಲಿ. ಮೊದಲೇ ತಿರುಗಿಸಿ ಆಮೇಲೆ ಬೆಸುಗೆ ಹಾಕಿದರೆ ಶಾಖಕ್ಕೆ ಓರೆಯಾಗಿ, ಪ್ರತಿ ಸುತ್ತಿಗೊಂದು ಅಡ್ಡ ಪಟ್ಟೆ ಬೀಳುತ್ತದೆ.

ಪ್ರೆಸ್ಸಿನ ರೋಲರಿಗೂ ಕಾಗದಕ್ಕೂ ನಡುವೆ ಉಣ್ಣೆಯ ಮೆತ್ತೆ, ಅಂದರೆ ಫೆಲ್ಟ್ ಬೇಕು, ಅದು ದುಬಾರಿ. ನಮ್ಮಲ್ಲಿ ಕುರುಬರ ಕಂಬಳಿ ಇದೆ. ದಖ್ಖನಿ ಕುರಿಯ ಉಣ್ಣೆ, ಗಟ್ಟಿಮುಟ್ಟು, ಒತ್ತಿದರೆ ಮತ್ತೆ ಏಳುತ್ತದೆ. ಹೊಸ ಕಂಬಳಿಯನ್ನು ಹಾಗೇ ಬಳಸಬಾರದು. ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸಿರುತ್ತಾರೆ. ಎಚ್ಚಿಂಗ್ ಅಚ್ಚಿಗೆ ಬಳಸುವ ಒದ್ದೆ ಕಾಗದದ ತೇವ ತಾಗಿ ಆ ಗಂಜಿ ಮತ್ತೆ ಬಿರುಸಾದರೆ ಕಂಬಳಿ ಹಲಗೆಯಂತಾಗಿ ಒತ್ತಡ ಒಂದೇ ಸಮ ಬೀಳುವುದಿಲ್ಲ. ಎರಡು ಮೂರು ಸಲ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿಗೆ ಹಾಕಿ ಒಣಗಿಸಬೇಕು. ನೇಯ್ಗೆ ಒರಟಾದ್ದರಿಂದ ಅದರ ಎಳೆ ಚಿತ್ರದಲ್ಲಿ ಮೂಡದಂತೆ ಕಾಗದಕ್ಕೂ ಕಂಬಳಿಗೂ ನಡುವೆ ತೆಳು ಫೆಲ್ಟ್ ಒಂದು ಇರಲಿ, ಒಂದನ್ನಷ್ಟೇ ಕೊಂಡರಾಯಿತು.

ಕಾಲೇಜಿನಲ್ಲಿ ಸತುವಿನ ತಗಡಿಗೆ ನೈಟ್ರಿಕ್ ಆಮ್ಲ ಬಳಸಿ ಕಲಿತಿರುತ್ತೇವೆ. ಮನೆಯಲ್ಲಿ, ಶಾಲೆಯಲ್ಲಿ ಅದನ್ನು ಇಡಬಾರದು; ಆ ಹೊಗೆ ಶ್ವಾಸಕೋಶಕ್ಕೆ ವಿಷ. ಅದರ ಬದಲು ಮೈಲುತುತ್ತ (ಕಾಪರ್ ಸಲ್ಫೇಟ್) ಇದೆ. ಕುಷ್ಟಗಿ ಕಡೆ ದಾಳಿಂಬೆ ಬೆಳೆಯುವವರು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತರುವ ಅದೇ ನೀಲಿ ಹರಳು, ಗೊಬ್ಬರದಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿಗೆ 75 ಗ್ರಾಂ ಮೈಲುತುತ್ತ, 75 ಗ್ರಾಂ ಅಡುಗೆ ಉಪ್ಪು. ತಗಡಿಗೆ ಆಫ್‌ಸೆಟ್ ಪ್ರೆಸ್ಸಿನವರು ಗುಜರಿಗೆ ಹಾಕುವ ಅಲ್ಯುಮಿನಿಯಂ ಪ್ಲೇಟ್ ಸಾಕು. ಮೊದಲು ಅಂಚುಗಳಿಗೆ ಅರ ಹಾಕಿ, ಇಲ್ಲದಿದ್ದರೆ ಬ್ಲೇಡಿನಂತೆ ಕೈಯನ್ನೂ ಕಂಬಳಿಯನ್ನೂ ಕೊಯ್ಯುತ್ತದೆ. ಮುಂಬದಿಗೆ ದ್ರಾವಣ ತಡೆಯುವ ಲೇಪ ಬಳಿದು ಅದರಲ್ಲಿ ಗೆರೆ ಗೀಚಿ, ಹಿಂಬದಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ. ಪ್ಲಾಸ್ಟಿಕ್ ಟ್ರೇಯಲ್ಲಿ ದ್ರಾವಣ ಹಾಕಿ ಇಳಿಸಿದ ಕೂಡಲೇ ಗುಳ್ಳೆ ಏಳುತ್ತದೆ, ಗೆರೆಗಳಲ್ಲಿ ಕೆಂಪು ತಾಮ್ರದ ಕೆಸರು ಕೂರುತ್ತದೆ. ಅದನ್ನು ಕೋಳಿ ಪುಕ್ಕದಿಂದ ಸವರಿ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಗೆರೆ ಒಂದೇ ಸಮ ಇಳಿಯುವುದಿಲ್ಲ. ಗುಳ್ಳೆಯಲ್ಲಿರುವುದು ಹೈಡ್ರೋಜನ್, ಹತ್ತಿರ ಬೆಂಕಿ ಬೇಡ, ಬಾಗಿಲು ತೆರೆದಿರಲಿ. ಈ ಪ್ಲೇಟು ತೆಳು, ಬೇಸಿಗೆಯಲ್ಲಿ ದ್ರಾವಣ ಮೊದಲೇ ಬೆಚ್ಚಗಿರುವುದರಿಂದ ಕಣ್ತಪ್ಪಿದರೆ ತೂತು ಬೀಳುತ್ತದೆ. ತುಂಡೊಂದರ ಮೇಲೆ ನಿಮಿಷ ನಿಮಿಷಕ್ಕೂ ಪರೀಕ್ಷೆ ಮಾಡಿಕೊಂಡೇ ನಿಜವಾದ ಪ್ಲೇಟು ಇಳಿಸಬೇಕು. ನೀಲಿ ಬಣ್ಣ ತೆಳ್ಳಗಾದರೆ ದ್ರಾವಣದ ಶಕ್ತಿ ಮುಗಿಯಿತು. ಅದನ್ನು ಚರಂಡಿಗೆ, ಕಾಲುವೆಗೆ ಚೆಲ್ಲಕೂಡದು. ವಾಷಿಂಗ್ ಸೋಡಾ ಹಾಕಿ ನೊರೆ ನಿಲ್ಲುವ ತನಕ ಕಲಕಿದರೆ ತಾಮ್ರ ತಳಕ್ಕೆ ಕೂರುತ್ತದೆ. ಆ ಕೆಸರನ್ನು ಸೋಸಿ ಒಣಗಿಸಿ ಬೇರೆ ಕಟ್ಟಿಡಬೇಕು.

ನೌಕರಿಯ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲೇಜಿನಲ್ಲಿ ಕಲಿಸಲು ಎಂವಿಎ ಜೊತೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸು ಮಾಡಿಟ್ಟುಕೊಳ್ಳಿ, ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಪ್ರಮಾಣಪತ್ರವನ್ನು ಓದುವಾಗಲೇ ಮಾಡಿಸಿಕೊಳ್ಳಿ. ಲಲಿತ ಕಲಾ ಅಕಾಡೆಮಿಯ ಚೆನ್ನೈ ಪ್ರಾದೇಶಿಕ ಕೇಂದ್ರದಲ್ಲಿ ಗ್ರಾಫಿಕ್ಸ್ ಸ್ಟುಡಿಯೋ ಇದೆ. ರಾಯಚೂರು ಮುಂಬೈ-ಚೆನ್ನೈ ರೈಲು ಮಾರ್ಗದಲ್ಲೇ ಇರುವುದರಿಂದ ರಜೆಯಲ್ಲಿ ಅಲ್ಲಿ ಕೆಲಸ ಮಾಡಿ ಬರುವ ಯೋಜನೆ ಹಾಕಬಹುದು. ಕೈಬಿಡದೆ ದುಡಿದವರ ಮಾದರಿ ಬೇಕಿದ್ದರೆ ದೂರ ನೋಡಬೇಕಿಲ್ಲ. 1956ರವರೆಗೆ ರಾಯಚೂರು, ಕೊಪ್ಪಳ ಇದ್ದದ್ದು ಹೈದರಾಬಾದ್ ರಾಜ್ಯದಲ್ಲೇ. ಅದೇ ರಾಜ್ಯದ ಮೇದಕ್ ಜಿಲ್ಲೆಯ ನಿಜಾಂಪುರದಲ್ಲಿ 1940ರಲ್ಲಿ ಹುಟ್ಟಿದವರು ಅಚ್ಚುಚಿತ್ರ ಕಲಾವಿದ ಲಕ್ಷ್ಮಾ ಗೌಡ್. ಬರೋಡಾದಲ್ಲಿ ಓದಿ ಹೈದರಾಬಾದಿಗೆ ಮರಳಿ, ಮೇಕೆ, ಹಳ್ಳಿಯ ಹೆಂಗಸರು, ಮುಳ್ಳು ಗಿಡಗಳ ತಮ್ಮ ಊರನ್ನೇ ಎಚ್ಚಿಂಗ್‌ಗೆ ತಂದರು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಶಾಂತಿನಿಕೇತನದಲ್ಲಿ ಪಾಠ ಮಾಡುತ್ತಿದ್ದ ಸೋಮನಾಥ ಹೋರ್ 1970ರ ದಶಕದಲ್ಲಿ ಇಂಕನ್ನೂ ಬಿಟ್ಟು, ಅಚ್ಚಿಗೆ ಕಾಗದದ ತಿರುಳು ಸುರಿದು, ಬಿಳಿಯ ಮೇಲೆ ಬಿಳಿ ಗಾಯಗಳನ್ನು ಮೂಡಿಸಿದರು. ಪ್ರೆಸ್ಸಿನ ಚಿಂತೆಯಲ್ಲಿರುವವರು ಆ ಕೆಲಸವನ್ನು ಒಮ್ಮೆ ಗಮನವಿಟ್ಟು ನೋಡಬೇಕು.

ಕೊನೆಗೆ ಸಹಿ ಹಾಕುವ, ಒಣಗಿಸುವ ವಿಷಯ. ಹದಿನೈದು ಅಚ್ಚು ತೆಗೆದರೆ ಮೊದಲನೆಯದರ ಎಡಕ್ಕೆ 1/15, ನಡುವೆ ಚಿತ್ರದ ಹೆಸರು, ಬಲಕ್ಕೆ ಸಹಿ, ಎಲ್ಲವೂ ಪೆನ್ಸಿಲಿನಲ್ಲಿ. ಶಾಲೆಯ ಮಕ್ಕಳಿಗೂ ಈ ಅಭ್ಯಾಸ ಆಗಲಿ, ಮೊದಲನೆಯದು ಶಾಲೆಯ ಕಡತಕ್ಕೆ, ಎರಡನೆಯದು ಮನೆಗೆ, ಮೂರನೆಯದು ಗೆಳೆಯರ ಜೊತೆ ಅದಲು ಬದಲಿಗೆ. ತರಗತಿಯ ಉದ್ದಕ್ಕೂ ಹುರಿ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿ. ಬೇಸಿಗೆಯಲ್ಲಿ ಮೂರು ದಿನ, ಮಳೆಗಾಲದಲ್ಲಿ ವಾರ. ಬೆರಳಿಗೆ ಒಣಗಿದಂತೆ ಕಂಡರೂ ಒಂದರ ಮೇಲೊಂದು ಪೇರಿಸಿದರೆ ಅಂಟುತ್ತವೆ, ಅದಕ್ಕೇ ನಡುವೆ ಬಟರ್ ಪೇಪರ್. ಹಳೆಯ ಪತ್ರಿಕೆ ಬೇಡ, ಅದರ ಹಳದಿ ಚಿತ್ರಕ್ಕೆ ಹತ್ತುತ್ತದೆ. ಗೆದ್ದಲು ಹತ್ತದಂತೆ ಕಟ್ಟನ್ನು ಗೋಡೆಗೆ ತಾಗಿಸದೆ, ನೆಲದಿಂದ ಒಂದಡಿ ಎತ್ತರದ ಕಬ್ಬಿಣದ ಕಪಾಟಿನಲ್ಲಿಡಿ, ಶನಿವಾರಕ್ಕೊಮ್ಮೆ ಬಿಚ್ಚಿ ನೋಡಿ.